ಕ್ಷೌರದ ಕತ್ತಿ: ಮೊದಲು ಬಟ್ಟೆ, ಆಮೇಲೆ ಚರ್ಮ

ಪ್ರಶ್ನೆ: ಜರ್ಮನಿಯ ಸೋಲಿಂಗೆನ್‌ನಲ್ಲಿ ಮಾಡಿದ ಕ್ಷೌರದ ಹಳೆಯ ಮಡಚುಕತ್ತಿಯೊಂದು ಸಿಕ್ಕಿತು. 1000, 4000, 8000 ಗ್ರಿಟ್ (ಅಂಕೆ ಹೆಚ್ಚಿದಷ್ಟೂ ಕಲ್ಲು ನಯ) ಕಲ್ಲುಗಳ ಮೇಲೆ ಮಸೆದಾಗ ತೋಳಿನ ಕೂದಲು ಸಲೀಸಾಗಿ ಹಾರುತ್ತಿತ್ತು. ಆಮೇಲೆ ಹಳೆಯ ಸೊಂಟದ ಬೆಲ್ಟನ್ನು ಕಿಟಕಿ ಸರಳಿಗೆ ಸಿಕ್ಕಿಸಿ 60 ಸಲ ಎಳೆದೆ. ಕತ್ತಿ ಮೊದಲಿಗಿಂತ ಮೊಂಡಾಯಿತು, ಬೆಲ್ಟಿಗೂ ಎರಡು ಕಡೆ ಗಾಯವಾಯಿತು. ಕತ್ತಿಯನ್ನು ಎಳೆದು ನಯಮಾಡಲೆಂದು ಅಂಗಡಿಯಲ್ಲಿ ಮಾರುವ ಪಟ್ಟಿಗಳಲ್ಲಿ ಚರ್ಮದ ಜೊತೆ ಬಟ್ಟೆಯೂ ಇರುತ್ತದಲ್ಲ, ಅದು ಬೇಕೇಬೇಕೆ?

ಉತ್ತರ: ನಿಮ್ಮ ಕತ್ತಿ ಕಲ್ಲಿನ ಮೇಲೆ ಕೆಟ್ಟಿಲ್ಲ, ಬೆಲ್ಟಿನ ಮೇಲೆ ಕೆಟ್ಟಿದೆ. ಬೆಲ್ಟಿಗೆ ಆದ ಗಾಯವೇ ಸಾಕ್ಷಿ. ಬಾಯಿ (ಹರಿತವಾದ ಅಂಚು) ಚರ್ಮಕ್ಕೆ ಕಚ್ಚಿತೆಂದರೆ ಒಂದೋ ಮಗುಚುವಾಗ ಬೆನ್ನು (ಎದುರಿನ ದಪ್ಪ ಅಂಚು) ಮೇಲೆದ್ದಿದೆ, ಇಲ್ಲವೇ ಮಗುಚಿ ಮುಗಿಯುವ ಮೊದಲೇ ಕೈ ವಾಪಸು ಹೊರಟಿದೆ.

ಕಲ್ಲಿನ ಮೇಲೆ ಬಾಯಿ ಮುಂದೆ, ಬೆನ್ನು ಹಿಂದೆ. ಪಟ್ಟಿಯ ಮೇಲೆ ಇದು ತಿರುಗುಮುರುಗು: ಬೆನ್ನು ಮುಂದೆ ಹೋಗಬೇಕು, ಬಾಯಿ ಅದರ ಹಿಂದೆ ಎಳೆದುಕೊಂಡು ಬರಬೇಕು. ಎಳೆತದ ಕೊನೆಗೆ ಬಂದಾಗ ಕತ್ತಿಯನ್ನು ಪೂರ್ತಿ ನಿಲ್ಲಿಸಿ. ಬೆನ್ನನ್ನು ಪಟ್ಟಿಯ ಮೇಲೇ ಇಟ್ಟುಕೊಂಡು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕತ್ತಿಯ ಕತ್ತನ್ನು (ಅಲಗಿಗೂ ಹಿಡಿಗೂ ನಡುವಿನ ಕಿರಿದಾದ ಭಾಗ) ಪೆನ್ಸಿಲ್ ಉರುಳಿಸಿದ ಹಾಗೆ ಉರುಳಿಸಿ. ಬಾಯಿ ಮೇಲೆದ್ದು, ಗಾಳಿಯಲ್ಲಿ ಅರ್ಧಸುತ್ತು ಬಂದು, ಮತ್ತೊಂದು ಮಗ್ಗುಲಿಗೆ ಮಲಗಬೇಕು. ಮಲಗಿದ ಮೇಲೆ ಮಾತ್ರ ವಾಪಸು. ಮಣಿಕಟ್ಟು ತಿರುಗಬಾರದು, ಅದು ತಿರುಗಿದರೆ ಮೊನೆಯೋ ಹಿಮ್ಮಡಿಯೋ (ಅಲಗಿನ ಹಿಡಿಯ ಕಡೆಯ ತುದಿ) ಒಂದು ಕಡೆ ಎದ್ದೇ ಏಳುತ್ತದೆ. ವೇಗದ ಚಪಲ ಬೇಡ. ಮೊದಲ ಎರಡು ವಾರ ಹೋಗಿ ಬರುವ ಒಂದು ಸುತ್ತಿಗೆ ಮೂರು ನಾಲ್ಕು ಸೆಕೆಂಡ್ ಹಿಡಿದರೂ ತಪ್ಪಿಲ್ಲ. ಬೆಣ್ಣೆ ಸವರುವ ಚಾಕುವನ್ನು ಮೇಜಿನ ಮೇಲೆ ಬಿಗಿಯಾಗಿ ಅಂಟಿಸಿದ ದಿನಪತ್ರಿಕೆಯ ಪಟ್ಟಿಗೆ ಎಳೆದು ಕೈ ಕೂರಿಸಿಕೊಳ್ಳಿ.

ಎರಡನೆಯ ತಪ್ಪು ಬೆಲ್ಟಿನ ಸಡಿಲ. ಕತ್ತಿಯ ಬೆನ್ನು ಸುಮ್ಮನೆ ದಪ್ಪವಾಗಿಲ್ಲ. 19 ಮಿ.ಮೀ. ಅಗಲದ ಅಲಗಿಗೆ 5 ಮಿ.ಮೀ.ಗಿಂತ ತುಸು ಹೆಚ್ಚು ದಪ್ಪದ ಬೆನ್ನಿದ್ದರೆ, ಬೆನ್ನು ಬಾಯಿ ಎರಡೂ ತಾಗುವಂತೆ ಮಲಗಿಸಿ ಮಸೆದಾಗ ಬಾಯಿಗೆ ಸುಮಾರು 16 ಡಿಗ್ರಿ ಕೋನ ತಾನಾಗಿಯೇ ಬರುತ್ತದೆ. ಪಟ್ಟಿ ಜೋಲುಬಿದ್ದಿದ್ದರೆ, ಅಥವಾ ನೀವು ಒತ್ತಿದರೆ, ಅದು ಅಲಗಿನ ಕೆಳಗೆ ತೊಟ್ಟಿಲಿನಂತೆ ಬಗ್ಗಿ ಬಾಯಿ ದಾಟುವ ಕಡೆ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಆ ಕೋನವೆಲ್ಲ ಹಾಳು. ಚೆನ್ನಾಗಿ ಮಸೆದ ಬಾಯಿಯ ತುದಿ ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಳು, ತಲೆಗೂದಲಿನ ಎಳೆ 50ರಿಂದ 100 ಮೈಕ್ರಾನ್; ಅಷ್ಟು ತೆಳುವಾದದ್ದನ್ನು ದುಂಡಗೆ ಮಾಡಲು 60 ತಪ್ಪು ಎಳೆತ ಧಾರಾಳವಾಗಿ ಸಾಕು. ಪಟ್ಟಿಯನ್ನು ಹಗ್ಗದಂತೆ ಜಗ್ಗಿ ಹಿಡಿಯಿರಿ, ಕತ್ತಿಗೆ ಅದರ ತೂಕವೊಂದೇ ಸಾಕು.

ಸೊಂಟದ ಬೆಲ್ಟು ಈ ಕೆಲಸಕ್ಕೆ ಹೇಳಿದ್ದೂ ಅಲ್ಲ. ಒಂದೂವರೆ ಇಂಚು ಅಗಲ, ಅಂಚಿಗೆ ಹೊಲಿಗೆ, ಮೇಲೆ ಬಣ್ಣ ಪಾಲಿಶಿನ ಪದರ, ಎಷ್ಟೋ ಸಲ ಚರ್ಮವೇ ಅಲ್ಲದ ರೆಕ್ಸಿನ್. ಎರಡೂವರೆಯಿಂದ ಮೂರು ಇಂಚು ಅಗಲ, ಒಂದೂವರೆ ಅಡಿ ಉದ್ದದ, ಬಣ್ಣ ಹಚ್ಚದ ದನದ ಅಥವಾ ಎಮ್ಮೆಯ ಹದಮಾಡಿದ ಚರ್ಮ ತನ್ನಿ. ಮೇಲ್ಮೈಯಲ್ಲಿ ಕಲೆಯಿದ್ದರೂ ನಡೆಯುತ್ತದೆ, ಗಂಟು ಕುಳಿ ಇರಬಾರದು. ಪಟ್ಟಿ ಅಲಗಿನ ಉದ್ದಕ್ಕಿಂತ ಕಿರಿದಾಗಿದ್ದರೆ ನೆಟ್ಟಗೆ ಎಳೆಯದೆ, ಹಿಮ್ಮಡಿಯಿಂದ ಶುರುಮಾಡಿ ಮೊನೆಯಲ್ಲಿ ಮುಗಿಯುವಂತೆ ಓರೆಯಾಗಿ ಎಳೆಯಿರಿ.

ಈಗ ಬಟ್ಟೆಯ ವಿಷಯ. ಬೇಕು, ಅದೂ ಚರ್ಮಕ್ಕಿಂತ ಮೊದಲು. ಗಡ್ಡದ ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಅದು ಬ್ಲೇಡಿನ ಬಾಯಿಯಲ್ಲಿ ಸೂಕ್ಷ್ಮವಾದ ಹಕ್ಕಳೆ ಎಬ್ಬಿಸುವುದನ್ನು 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ತೋರಿಸಿದರು. ಮಡಚುಕತ್ತಿಗೆ ಇದರ ಜೊತೆ ಸೋಪಿನ ಜಿಡ್ಡು, ನೀರಿನ ಪಸೆ, ತುಕ್ಕಿನ ತೆಳು ಪೊರೆಯೂ ಸೇರುತ್ತವೆ. ಒರಟು ನೇಯ್ಗೆಯ ಬಟ್ಟೆ ಈ ಕೊಳೆಯನ್ನು ಉಜ್ಜಿ ತೆಗೆಯುತ್ತದೆ. ಚರ್ಮ ಆಮೇಲೆ ಬಾಗಿದ ತುದಿಯನ್ನು ನೆಟ್ಟಗೆ ಮಾಡಿ ನಯ ಕೊಡುತ್ತದೆ. ಕೊಳೆ ಬಿಡಿಸದೆ ಚರ್ಮಕ್ಕೆ ಹೋದರೆ ಆ ಕೊಳೆ ಚರ್ಮಕ್ಕೆ ಮೆತ್ತಿಕೊಂಡು ಪ್ರತಿ ಎಳೆತಕ್ಕೂ ಬಾಯಿಗೆ ಸಿಗುತ್ತದೆ. ವಿದೇಶಿ ಲಿನನ್ ಪಟ್ಟಿಯೇ ಆಗಬೇಕೆಂದಿಲ್ಲ. ಮಂಚಕ್ಕೆ ನೇಯುವ ದಪ್ಪ ಹತ್ತಿಯ ನವಾರು ಪಟ್ಟಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಿಸಿನೀರಲ್ಲಿ ನೆನೆಸಿ, ಗಂಜಿ ಹೋಗುವವರೆಗೆ ತೊಳೆದು, ಒಣಗಿಸಿ, ಇಸ್ತ್ರಿ ಹಾಕಿ ಚರ್ಮದ ಜೊತೆ ಒಂದೇ ಕೊಕ್ಕೆಗೆ ಸಿಕ್ಕಿಸಿ.

ಲೆಕ್ಕ ಹೀಗೆ: ಕ್ಷೌರಕ್ಕೆ ಮೊದಲು ಬಟ್ಟೆಗೆ 20ರಿಂದ 30 ಸುತ್ತು, ಚರ್ಮಕ್ಕೆ 50ರಿಂದ 60. ಕ್ಷೌರ ಮುಗಿಸಿ ಕತ್ತಿ ಒರೆಸಿದ ಮೇಲೆ ಬಟ್ಟೆಗೆ 10 ಸುತ್ತು, ಪಸೆ ಆರಲಿ ಎಂದು. ಚರ್ಮದ ಮೇಲೆ ಎಳೆಯುವಾಗ ಕಿವಿಗೊಡಿ: ಎರಡೂ ದಿಕ್ಕಿಗೆ ಒಂದೇ ಸದ್ದು ಬರಬೇಕು. ಒಂದು ಕಡೆ ಸರ್‌ ಎಂದು, ಇನ್ನೊಂದು ಕಡೆ ಮೂಕವಾಗಿದ್ದರೆ ಅಲಗು ಒಂದು ಮಗ್ಗುಲಿಗೆ ಸರಿಯಾಗಿ ಕೂರುತ್ತಿಲ್ಲ.

ಈಗ ಹಾಳಾದ ಕತ್ತಿಯನ್ನು ಪಟ್ಟಿಗೆ ಮತ್ತಷ್ಟು ಎಳೆದು ಸರಿಮಾಡಲು ಹೋಗಬೇಡಿ. ಟ್ಯೂಬ್‌ಲೈಟ್ ಕೆಳಗೆ ಬಾಯಿಯನ್ನು ನಿಮ್ಮ ಕಣ್ಣಿಗೆ ಎದುರಾಗಿ ಹಿಡಿದು ನೋಡಿ. ಹರಿತವಾದ ಬಾಯಿ ಬೆಳಕು ತೋರದು. ಬಿಳಿ ಗೆರೆಯಾಗಲಿ ಮಿಣುಕುವ ಚುಕ್ಕೆಯಾಗಲಿ ಕಂಡಲ್ಲೆಲ್ಲ ಅದು ದುಂಡಗಾಗಿದೆ. 8000 ಕಲ್ಲಿನ ಮೇಲೆ ಹಗುರ ಕೈಯಲ್ಲಿ 15–20 ಸುತ್ತು ಮಸೆದು ಮತ್ತೆ ನೋಡಿ. ಗೆರೆ ಹೋಗದಿದ್ದರೆ ಮಾತ್ರ 4000ಕ್ಕೆ ಇಳಿಯಿರಿ.

ಪ್ರಶ್ನೆ: ಕತ್ತಿ ಮಸೆಯಲು ಪಟ್ಟಿಗೆ ಹಸಿರು ಪೇಸ್ಟ್ ಹಚ್ಚಬಹುದೆ?

ಉತ್ತರ: ದಿನಬಳಕೆಯ ಚರ್ಮಕ್ಕೆ ಬೇಡ. ಅದು ಕ್ರೋಮಿಯಂ ಆಕ್ಸೈಡ್, ಕ್ಷೌರದ ಕತ್ತಿಗೆ ಬಳಸುವ ದರ್ಜೆಯಲ್ಲಿ ಕಣ ಸುಮಾರು ಅರ್ಧ ಮೈಕ್ರಾನ್. ಉಕ್ಕನ್ನು ನಿಜಕ್ಕೂ ಸವೆಸುತ್ತದೆ, ಒಮ್ಮೆ ಹಚ್ಚಿದರೆ ಚರ್ಮದಿಂದ ಬಿಡಿಸಲಾಗದು. ಬೇರೊಂದು ಬಟ್ಟೆಪಟ್ಟಿಗೆ ಬಳಪದಂತೆ ತೆಳುವಾಗಿ ಗೀಚಿ ಇಟ್ಟುಕೊಳ್ಳಿ. ಬರಿಯ ಪಟ್ಟಿಯಿಂದ ಕತ್ತಿ ಹದಕ್ಕೆ ಬಾರದಾದಾಗ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, 10 ಸುತ್ತು ಸಾಕು. ದಿನವೂ ಎಳೆದರೆ ಬಾಯಿ ನಿಧಾನಕ್ಕೆ ಉಬ್ಬಿಕೊಂಡು ಮತ್ತೆ ಕಲ್ಲಿಗೇ ಹೋಗಬೇಕಾಗುತ್ತದೆ.

ಪ್ರಶ್ನೆ: ನಮ್ಮದು ಕರಾವಳಿ. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ.

ಉತ್ತರ: ಬಚ್ಚಲಲ್ಲಿ ತೂಗುಹಾಕಬೇಡಿ, ಗಾಳಿಯಾಡುವ ಕೋಣೆಯಲ್ಲಿಡಿ. ಬೂಷ್ಟನ್ನು ಒಣಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ. ಬಿಸಿಲಿಗೆ ಹಾಕಿದರೆ ಚರ್ಮ ಸೆಟೆದು ಸೊಟ್ಟಗಾಗುತ್ತದೆ, ಸೊಟ್ಟ ಪಟ್ಟಿ ಬಾಯಿಯನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ. ಎಣ್ಣೆಯನ್ನೂ ಸುರಿಯಬೇಡಿ; ಎಳೆಯುವ ಮೊದಲು ಒಣಗಿದ ಅಂಗೈಯಿಂದ ಹತ್ತಿಪ್ಪತ್ತು ಸಲ ಉಜ್ಜಿದರೆ ಕೈಯ ಜಿಡ್ಡೇ ಚರ್ಮಕ್ಕೆ ಸಾಕು. ಎಣ್ಣೆ ಬೇಕಾದದ್ದು ಕತ್ತಿಗೆ. ಹಳೆಯ ಇಂಗಾಲದ ಉಕ್ಕು ಕರಾವಳಿಯ ಗಾಳಿಗೆ ಒಂದೇ ರಾತ್ರಿಯಲ್ಲಿ ಕಂದುಚುಕ್ಕೆ ಹಿಡಿಯಬಲ್ಲದು. ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿಯನ್ನು ಅಲಗಿಗೂ ಕೀಲಿಗೂ ಸವರಿಡಿ, ಮರುದಿನ ಚರ್ಮಕ್ಕೆ ತಾಗಿಸುವ ಮೊದಲು ಒರೆಸಿ ತೆಗೆಯಿರಿ.