ಜೀಪಿಗೆ 31 ಇಂಚಿನ ಟೈರ್ ಹಾಕಿಸಬೇಕು (ಈಗಿರುವುದು 235/75 ಆರ್ 15). ಮೊದಲು 2 ಇಂಚು ಲಿಫ್ಟ್ (ಸಸ್ಪೆನ್ಷನ್ ಎತ್ತರಿಸುವುದು) ಮಾಡಿಸಲಾ, ಅಗಲದ ರಿಮ್ ತಗೊಳ್ಳಲಾ?

ಎರಡೂ ಬೇಡ. ಸದ್ಯಕ್ಕಂತೂ ಬೇಡವೇ ಬೇಡ.

ನನ್ನ ಪಟ್ಟಿಯೂ ಹೀಗೇ ಇತ್ತು. ನಾನು ಶುರು ಮಾಡಿದ್ದು ರಿಮ್ಮಿನಿಂದ. ದೊಡ್ಡ ಕಾರಣ ಏನಿಲ್ಲ, ಚಕ್ರ ಬಾಡಿಯಿಂದ ಆಚೆ ಬಂದರೆ ಗಾಡಿಗೆ ಒಂದು ಗತ್ತು ಬರುತ್ತದೆ ಅಲ್ವಾ, ಅಷ್ಟೇ. ಕಂಪನಿ ರಿಮ್ 6 ಇಂಚು ಅಗಲ, ಆಫ್‌ಸೆಟ್ ಪ್ಲಸ್ 20. ನಾನು ಹಾಕಿಸಿದ್ದು 8 ಇಂಚು, ಮೈನಸ್ 20. ಬೋಲ್ಟ್ ಪ್ಯಾಟರ್ನ್ ನೋಡಿದೆ, ನಡುವಿನ ತೂತಿನ ಅಳತೆ ನೋಡಿದೆ. ಆಫ್‌ಸೆಟ್ ಮಾತ್ರ ಏನೋ ಒಂದು ನಂಬರ್ ಅಂತ ಬಿಟ್ಟೆ.

ಆ ನಂಬರ್ ಏನು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ರಿಮ್ಮಿನ ಅಗಲದ ನಟ್ಟನಡುವಿನಿಂದ ಅದು ಹಬ್ಬಿಗೆ (ರಿಮ್ಮನ್ನು ಬೋಲ್ಟ್ ಹಾಕಿ ಕೂರಿಸುವ ಭಾಗ) ಕೂರುವ ಮುಖ ಎಷ್ಟು ಮಿಲಿಮೀಟರ್ ದೂರ ಅನ್ನುವುದೇ ಆಫ್‌ಸೆಟ್. ಪ್ಲಸ್ ಆದರೆ ಚಕ್ರ ಒಳಗೆ, ಮೈನಸ್ ಆದರೆ ಹೊರಗೆ. ಪ್ಲಸ್ 20ರಿಂದ ಮೈನಸ್ 20ಕ್ಕೆ ಹೋದರೆ ಚಕ್ರದ ನಡುಭಾಗ 40 ಮಿ.ಮೀ. ಆಚೆ ಹೋಯಿತು. ಅಗಲ 2 ಇಂಚು ಹೆಚ್ಚಾಗಿದೆಯಲ್ಲ, ಅದರ ಅರ್ಧವನ್ನೂ ಸೇರಿಸಿ. ಹೊರ ಅಂಚು ಒಟ್ಟು 65 ಮಿ.ಮೀ. ಆಚೆ!

ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಯಾವ ಅಚ್ಚಿನ ಮೇಲೆ ತಿರುಗುತ್ತದೋ, ಆ ಗೆರೆಯನ್ನು ಕೆಳಗೆ ಎಳೆದರೆ ನೆಲದಲ್ಲಿ ಒಂದು ಕಡೆ ಮುಟ್ಟುತ್ತದೆ. ಟೈರಿನ ನಡುಭಾಗ ಆ ಜಾಗಕ್ಕೆ ಹತ್ತಿರ ಇರುವಂತೆ ಕಂಪನಿಯವರು ಲೆಕ್ಕ ಹಾಕಿರುತ್ತಾರೆ. ಬಾಗಿಲನ್ನು ಕೀಲಿನ ಪಕ್ಕ ತಳ್ಳಿದರೆ ಅಲುಗುವುದಿಲ್ಲ, ಹಿಡಿಕೆಯ ಹತ್ತಿರ ತಳ್ಳಿದರೆ ಸಲೀಸಾಗಿ ತಿರುಗುತ್ತದೆ. ಚಕ್ರವನ್ನು ಆ ಜಾಗದಿಂದ ಆಚೆ ತಳ್ಳಿ ನಾನು ಕಲ್ಲುಗಳ ಕೈಗೆ ಆ ಹಿಡಿಕೆಯನ್ನೇ ಕೊಟ್ಟಿದ್ದೆ. ಒಂದು ಚಕ್ರ ಬಂಡೆಗೆ ತಾಗಿದ್ದೇ ತಡ, ಸ್ಟಿಯರಿಂಗ್ ಒದೆಯಿತು. ಹೆಬ್ಬೆರಳು ಸ್ಟಿಯರಿಂಗ್ ಕಡ್ಡಿಗಳ ಒಳಗಿತ್ತು, ಉಳುಕಿತು. (ಕಾಡುದಾರಿಯಲ್ಲಿ ಹೆಬ್ಬೆರಳು ಯಾವಾಗಲೂ ಸ್ಟಿಯರಿಂಗ್ ಬಳೆಯ ಮೇಲೇ ಇರಲಿ.) ಮುಂದೆ ಒಂದು ಕೊರಕಲಿನಲ್ಲಿ ಸಸ್ಪೆನ್ಷನ್ ಪೂರ್ತಿ ಒತ್ತಿಕೊಂಡು, ಸ್ಟಿಯರಿಂಗೂ ಪೂರ್ತಿ ತಿರುಗಿದ್ದಾಗ, ಟೈರ್ ಫೆಂಡರಿನ ಅಂಚಿಗೆ ಸಿಕ್ಕಿ ಪಕ್ಕದ ಗೋಡೆ ಸೀಳಿತು. ಪಕ್ಕದ ಗೋಡೆಗೆ ಪಂಕ್ಚರ್ ಹಾಕಲು ಬರುವುದಿಲ್ಲ, ಟೈರ್ ಎಸೆಯಬೇಕು. ಆಮೇಲೆ ವೀಲ್ ಬೇರಿಂಗ್ ಗೊರಗುಟ್ಟಲು ಶುರುವಾಯಿತು. ಹೊರಗೆ ಚಾಚಿದ ಚಕ್ರ ಬೇರಿಂಗಿನ ಮೇಲೆ ಹಾಕುವ ಸನ್ನೆಯ ಭಾರವೇ ಬೇರೆ.

ಇನ್ನು ಲಿಫ್ಟ್. ಮುಂದೆ ಹಿಂದೆ ಎರಡೂ ಇಡೀ ಆಕ್ಸಲ್ (ಎಡ-ಬಲ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ದಂಡ) ಇರುವ ಗಾಡಿಯಲ್ಲಿ ಲಿಫ್ಟ್ ಎತ್ತುವುದು ಬಾಡಿಯನ್ನು. ಕಲ್ಲಿಗೆ ಬಡಿಯುವ ಡಿಫರೆನ್ಷಿಯಲ್ ಉಂಡೆ (ಆಕ್ಸಲಿನಲ್ಲಿರುವ ಗೇರುಗಳ ಉಬ್ಬು) ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ. ನಿಮ್ಮ ಈಗಿನ ಟೈರಿನ ಎತ್ತರ ಸುಮಾರು 733 ಮಿ.ಮೀ., 31 ಇಂಚಿನದು 787. ಆ ವ್ಯತ್ಯಾಸದ ಅರ್ಧ, ಅಂದರೆ 27 ಮಿ.ಮೀ. ಲಾಭ. ಇಷ್ಟಕ್ಕೆ ಗೇರಿಂಗ್ ಉದ್ದವಾಗಿ (ಚಕ್ರದ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗಿ) ಎಳೆಯುವ ಶಕ್ತಿ ಕಡಿಮೆಯಾಗುತ್ತದೆ, ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ ಈಗಿನ ಟೈರಿನಲ್ಲಿ ಹೋಗುವುದಕ್ಕಿಂತ ಶೇ. 7ರಷ್ಟು ಜೋರಾಗಿ ಹೋಗುತ್ತಿರುತ್ತದೆ. ಕಾಯಿಲ್ ಸ್ಪ್ರಿಂಗ್ ಗಾಡಿಯನ್ನು ಎತ್ತಿದರೆ ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಅಡ್ಡಡ್ಡ ಸರಿಯದಂತೆ ಹಿಡಿಯುವ ಸಲಾಕೆ) ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಕ್ಯಾಸ್ಟರ್ (ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ತಪ್ಪಿದರೆ ನೇರ ರಸ್ತೆಯಲ್ಲೂ ಗಾಡಿ ಅಲೆದಾಡುತ್ತದೆ. ಬ್ರೇಕ್ ಹೋಸ್ ಸಾಲದೇ ಹೋಗಬಹುದು. ಗಟ್ಟಿ ಸ್ಪ್ರಿಂಗ್ ಹಾಕಿ ಎತ್ತಿಸಿದರಂತೂ ಚಕ್ರ ಕೆಳಗಿಳಿಯದೆ ಗಾಳಿಯಲ್ಲಿ ನೇತಾಡುತ್ತದೆ.

ನೀವು ಮಾಡಬೇಕಾದ್ದು ಇದು. ಈಗಿನ ಅಳತೆಯಲ್ಲೇ ಒಳ್ಳೆಯ ಆಲ್ ಟೆರೇನ್ (ಡಾಂಬರಿಗೂ ಮಣ್ಣಿಗೂ ಆಗುವ) ಟೈರ್, ಗಾಳಿ ಅಳೆಯುವ ಒಂದು ಗೇಜು, ಒಂದು ಕಂಪ್ರೆಸರ್. ಮಣ್ಣು, ಮರಳು ಬಂದಾಗ ಗಾಳಿ 18ರಿಂದ 20 ಪಿಎಸ್‌ಐಗೆ ಇಳಿಸಿ ನಿಧಾನವಾಗಿ ಓಡಿಸಿ, ಡಾಂಬರಿಗೆ ಬಂದ ಕೂಡಲೇ ತುಂಬಿಸಿ. ದುಡ್ಡು ಉಳಿದರೆ ಒಳ್ಳೆಯ ಶಾಕ್ ಅಬ್ಸಾರ್ಬರ್. ಇದಾದ ಮೇಲೂ ಎಲ್ಲಿ ಸಿಕ್ಕಿಕೊಳ್ಳುತ್ತೀರಿ ನೋಡಿ, ಆಮೇಲೆ ಲಿಫ್ಟಿನ ಮಾತು.

ಅಗಲದ ರಿಮ್ ಆಗಲೇ ಕೊಂಡಿದ್ದರೆ ಸಮತಟ್ಟು ಜಾಗದಲ್ಲಿ ನೋಡಿ ಖುಷಿಪಡಬೇಡಿ. ಮುಂದಿನ ಒಂದು ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ, ಇನ್ನೊಂದು ಜೋತುಬಿದ್ದಿರಲಿ. ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಎಲ್ಲಿ ತಾಗುತ್ತದೆ ನೋಡಿ. ಹೊರಗೆ ತಾಗಿದರೆ ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ಬಿಲ್ಲೆ) ಹಾಕಿ ಸರಿ ಮಾಡಲು ಹೋಗಬೇಡಿ, ಅದು ಚಕ್ರವನ್ನು ಇನ್ನೂ ಆಚೆಗೇ ತಳ್ಳುತ್ತದೆ.