ಎಂಟು ತಿಂಗಳ ಫೋನ್ ತಾನಾಗಿಯೇ ಆಫ್ ಆಗುತ್ತಿದೆ. ವಿಮೆಯಿಂದ ಹೊಸದು ಸಿಗುತ್ತದೆಯೇ?

ಮೂಡಿಗೆರೆಯಿಂದ ತಾವು ಕೇಳಿರುವ ಈ ಪ್ರಶ್ನೆಗೆ ನನ್ನ ಉತ್ತರ: ಫೋನ್ ಬಿದ್ದಿಲ್ಲ, ನೆನೆದಿಲ್ಲ ಎಂದಾದರೆ ಮೊದಲು ಕೇಳಬೇಕಾದದ್ದು ವಿಮೆಯನ್ನಲ್ಲ, ವಾರಂಟಿಯನ್ನು. ವಾರಂಟಿಯ ಅವಧಿಯಲ್ಲಿ ತಾನಾಗಿ ಕಾಣಿಸಿಕೊಂಡ ದೋಷಕ್ಕೆ ತಯಾರಕರೇ ಹೊಣೆ. ವಿಮೆ ಸಾಮಾನ್ಯವಾಗಿ ಒಡೆದ ಪರದೆ, ಒಳಹೊಕ್ಕ ನೀರು ಮುಂತಾದ ಆಕಸ್ಮಿಕ ಹಾನಿಗಷ್ಟೇ ಅನ್ವಯಿಸುತ್ತದೆ. ಅದರಲ್ಲೂ ಮೊದಲು ರಿಪೇರಿ. ರಿಪೇರಿಯ ಖರ್ಚು ಫೋನಿನ ಬೆಲೆಯನ್ನು ಮುಟ್ಟುವಂತಿದ್ದರೆ ಮಾತ್ರ ಬದಲಿ ಫೋನಿನ ಮಾತು ಬರುತ್ತದೆ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಒಂದು ವಿಷಯವನ್ನು ಮರೆಯಬಾರದು. ಅನೇಕ ಫೋನುಗಳಲ್ಲಿ ಸಿಮ್ ಟ್ರೇ ಇರುವ ಸಂದಿಯೊಳಗೆ ನೀರು ತಗುಲಿದರೆ ಕೆಂಪಾಗುವ ಬಿಳಿಯ ಚಿಕ್ಕ ಪಟ್ಟಿಯೊಂದಿರುತ್ತದೆ. ಕಳೆದ ವರ್ಷ ಚಿಕ್ಕಮಗಳೂರಿನ ಸರ್ವಿಸ್ ಸೆಂಟರ್ ಒಂದರಲ್ಲಿ ಟಾರ್ಚ್ ಹಿಡಿದು ಅದನ್ನು ನೋಡಿದವರು ನನ್ನ ವಾರಂಟಿಯನ್ನು ಅಲ್ಲಿಯೇ ನಿರಾಕರಿಸಿದರು. ಕೊಡುವ ಮೊದಲು ಅದರ ಫೋಟೋ ತೆಗೆದಿರಲಿಲ್ಲವೆಂಬ ಕೊರಗು ನನಗೆ ಇಂದಿಗೂ ಇದೆ. ಧೂಳು, ನೀರನ್ನು ತಡೆಯುವ ಮಟ್ಟವನ್ನು ಸೂಚಿಸುವ ಐಪಿ68 ಎಂಬ ಗುರುತು ಫೋನಿಗೆ ಇದ್ದರೂ ನೀರಿನ ಹಾನಿಯನ್ನು ಬಹುತೇಕ ವಾರಂಟಿಗಳು ಒಪ್ಪುವುದಿಲ್ಲ.

ಆದ್ದರಿಂದ ಸರ್ವಿಸ್ ಸೆಂಟರಿಗೆ ಹೋದಾಗಲೆಲ್ಲ ದೋಷವನ್ನು ಸ್ಪಷ್ಟವಾಗಿ ಬರೆಸಿದ ಜಾಬ್ ಶೀಟ್ (ಫೋನ್ ಒಪ್ಪಿಸಿಕೊಂಡದ್ದಕ್ಕೆ ಅವರು ಕೊಡುವ ಚೀಟಿ) ಪಡೆಯಿರಿ. ಅದೇ ದೋಷ ಮರುಕಳಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಯೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಾಟಗಾರರು ಎಲ್ಲಿಯವರೇ ಆಗಿರಲಿ, ತಾವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ, ವಕೀಲರಿಲ್ಲದೆಯೂ, ದೂರಿನ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ.