ಓದುಗರ ಪ್ರಶ್ನೆ, ಫೋಟೊಗ್ರಾಫರ್ ಉತ್ತರ: ಚೆಸ್ಟ್ ನಂಬರ್ ಬರ್ಕೊಂಡ್ಯಾ?

ಪ್ರಶ್ನೆ: ಪತ್ರಿಕೋದ್ಯಮ ಓದುತ್ತಿದ್ದೇನೆ. ಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿ ಫೋಟೊಗ್ರಫಿ ಇಂಟರ್ನ್ ಆಗಿ ಸೇರಿದ್ದೇನೆ. ಮೊದಲ ದಿನವೇ ಅಂತರಕಾಲೇಜು ಅಥ್ಲೆಟಿಕ್ಸ್ ಕೂಟಕ್ಕೆ ಕಳಿಸಿದರು. ಬೆಳಿಗ್ಗೆ ಆರೂವರೆಯಿಂದ ಸಂಜೆವರೆಗೆ ಬಿಸಿಲಲ್ಲಿ ನಿಂತು 1,860 ಫೋಟೊ ತೆಗೆದೆ. ಹಿರಿಯ ಫೋಟೊಗ್ರಾಫರ್ ಅದರಲ್ಲಿ ನಾಲ್ಕು ಆರಿಸಿ, ಮೂರಕ್ಕೆ ‘ಇದು ಯಾರು?’ ಎಂದರು. ನನಗೆ ಗೊತ್ತಿರಲಿಲ್ಲ. ಮರುದಿನ ಅಚ್ಚಾಗಿದ್ದು ಬಹುಮಾನ ವಿತರಣೆಯ ಫೋಟೊ! ನಾನು ಕಲಿಯಲು ಬಂದಿದ್ದು ಫೋಟೊಗ್ರಫಿಯೋ, ಗುಮಾಸ್ತಿಕೆಯೋ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಗುಮಾಸ್ತಿಕೆ ಅಂತಲೇ ಇಟ್ಟುಕೊ ತಂಗಿ. (ವಯಸ್ಸಿನಲ್ಲಿ ಬಹಳ ಚಿಕ್ಕವಳು, ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.) ಆ ಬಹುಮಾನದ ಫೋಟೊ ಯಾಕೆ ಅಚ್ಚಾಯಿತು ಗೊತ್ತಾ? ಚೆನ್ನಾಗಿತ್ತು ಅಂತಲ್ಲ. ಅದರಲ್ಲಿ ನಿಂತವರ ಹೆಸರನ್ನೆಲ್ಲ ಸಂಘಟಕರು ಎಡದಿಂದ ಬಲಕ್ಕೆ ಬರೆದು ಕೊಟ್ಟಿರುತ್ತಾರೆ. ಪುಟ ಮುಗಿಸುವ ಗಡಿಬಿಡಿಯಲ್ಲಿರುವ ಸಬ್‌ಎಡಿಟರ್‌ಗೆ ಹೆಸರಿಲ್ಲದ ಒಳ್ಳೆ ಫೋಟೊಗಿಂತ ಹೆಸರಿರುವ ಸಪ್ಪೆ ಫೋಟೊ ವಾಸಿ.

ಇದನ್ನು ನಾನು ಕಲಿತಿದ್ದು ಮರ್ಯಾದೆ ಕಳೆದುಕೊಂಡು. ರೀಲಿನ ಕಾಲ, ಒಂದು ರೀಲಿಗೆ 36 ಫ್ರೇಮು. ದಿನಕ್ಕೆ ಎರಡು ರೀಲು ಕೊಟ್ಟರೆ ಹಬ್ಬ. ಜಿಲ್ಲಾ ಕ್ರೀಡಾಕೂಟದಲ್ಲಿ ಹುಡುಗಿಯರ 1,500 ಮೀಟರ್ ನಡೆಯುವಾಗ ನಾನು ಗ್ಯಾಲರಿ ನೆರಳಲ್ಲಿ ಚಹಾ ಕುಡಿಯುತ್ತಿದ್ದೆ. ಗಂಟೆ ಹೊಡೆದಿದ್ದು, ಅಂದರೆ ಕೊನೆಯ ಸುತ್ತು ಶುರುವಾಗಿದ್ದು ಕೇಳಿ ಓಡಿದೆ. ಫಿನಿಶ್ ಲೈನಿಗೆ ತಲುಪುವಷ್ಟರಲ್ಲಿ ಮೊದಲನೆಯವಳು ದಾಟಿ ಹೋಗಿದ್ದಳು. ಎರಡನೆಯವಳು ಕೈ ಚಾಚಿಕೊಂಡು ಬರುತ್ತಿದ್ದಳು, ಅದನ್ನೇ ಹೊಡೆದೆ. ಇಬ್ಬರೂ ಒಂದೇ ಕಾಲೇಜು, ಒಂದೇ ನೀಲಿ ಬನಿಯನ್ನು. ಮೈಕಿನಲ್ಲಿ ಗೆದ್ದವಳ ಹೆಸರು ಕೂಗಿದರು, ಬರೆದುಕೊಂಡೆ. ಫೋಟೊ ಕೆಳಗೆ ಅದೇ ಹೆಸರು ಹೋಯಿತು.

ಮರುದಿನ ಹನ್ನೊಂದು ಗಂಟೆಗೆ ಬಿಳಿ ಪಂಚೆಯ ಒಬ್ಬರು ಕಚೇರಿಗೆ ಬಂದರು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟಿದ್ದರು. ಬಿಡಿಸಿ ಟೇಬಲ್ ಮೇಲೆ ಹರವಿ, ‘ಹೆಸರು ನಮ್ಮ ಹುಡುಗೀದೇ ಸಾರ್, ಹುಡುಗಿ ನಮ್ಮದಲ್ಲ’ ಎಂದರು. ಕೂಗಾಡಲಿಲ್ಲ. ತಿದ್ದುಪಡಿ ಹಾಕುತ್ತೇವೆ ಎಂದೆ. ‘ಅದು ಆಗ್ಲಿ. ನಮ್ಮ ಹುಡುಗಿ ಫೋಟೊ ಇದ್ರೆ ಒಂದು ಕೊಡಿ, ದುಡ್ಡು ಕೊಡ್ತೀನಿ’ ಎಂದರು. ಡಾರ್ಕ್‌ರೂಮಿಗೆ ಹೋಗಿ ನೆಗೆಟಿವ್ ಪಟ್ಟಿಯನ್ನು ಬಲ್ಬಿಗೆ ಹಿಡಿದು ಒಂದೊಂದೇ ಫ್ರೇಮು ನೋಡಿದೆ. ಅವಳು ಎಲ್ಲೂ ಇರಲಿಲ್ಲ. ಅವರು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು.

ಅವತ್ತಿನಿಂದ ನನ್ನ ಬಳಿ ಬಂದ ಇಂಟರ್ನ್‌ಗಳಿಗೆ ಸಂಜೆ ಕೇಳುವ ಮೊದಲ ಪ್ರಶ್ನೆ, ‘ಚೆಸ್ಟ್ ನಂಬರ್ ಬರ್ಕೊಂಡ್ಯಾ?’

ನಿನ್ನ ಮುಂದಿನ ಕೂಟ ಹೀಗೆ ನಡೆಯಲಿ. ಮೈದಾನಕ್ಕೆ ಹೋದವಳು ಕ್ಯಾಮೆರಾ ಬ್ಯಾಗು ಬಿಚ್ಚಬೇಡ, ಅಫಿಷಿಯಲ್‌ಗಳ ಟೇಬಲ್ಲಿಗೆ ಹೋಗು. ಸ್ಟಾರ್ಟ್ ಲಿಸ್ಟ್, ಅಂದರೆ ಯಾರ ಎದೆ ಮೇಲೆ ಯಾವ ನಂಬರು ಅಂತಿರುವ ಪಟ್ಟಿ ಕೇಳಿ, ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಹೊಡೆದುಕೊ. ಕೊಡಲ್ಲ ಅಂತ ಒಬ್ಬರು ಗದರುತ್ತಾರೆ, ಇನ್ನೊಬ್ಬರು ಕೊಡುತ್ತಾರೆ. ಪ್ರತಿ ಹೀಟ್ಸ್ (ಫೈನಲ್‌ಗೆ ಮುಂಚಿನ ಓಟ) ಮುಗಿದ ಮೇಲೆ ಓಟಗಾರರು ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತಾರಲ್ಲ, ನೆಟ್ಟಗಾಗುವವರೆಗೆ ಕಾದು ಚೆಸ್ಟ್ ನಂಬರು ಕಾಣುವಂತೆ ಒಂದು ಫ್ರೇಮು ಹೊಡಿ. ಆ ಫ್ರೇಮು ಎಲ್ಲೂ ಅಚ್ಚಾಗುವುದಿಲ್ಲ. ರಾತ್ರಿ ನಿನ್ನನ್ನು ಕಾಪಾಡುವುದು ಮಾತ್ರ ಅದೇ.

ಇನ್ನು ಆ 1,860. ಬಟನ್ ಒತ್ತಿ ಹಿಡಿದೇ ಇದ್ದೆ ಅಂತ ಕಾಣುತ್ತೆ. ಸೆಕೆಂಡಿಗೆ ಹತ್ತು ಮೀಟರ್ ಓಡುವವನು 1/250 ಸೆಕೆಂಡಿನ ಶಟರಿನಲ್ಲಿ ನಾಲ್ಕು ಸೆಂಟಿಮೀಟರ್ ಸರಿದಿರುತ್ತಾನೆ, 1/1000ದಲ್ಲಿ ಒಂದೇ ಸೆಂಟಿಮೀಟರ್. ಕೈಕಾಲು ಇನ್ನೂ ಜೋರಾಗಿ ಬೀಸುತ್ತವೆ. ಬಿಸಿಲಿದ್ದರೆ 1/1600ಕ್ಕಿಂತ ಕೆಳಗಿಳಿಯಬೇಡ. ಅದಕ್ಕಿಂತ ಮುಖ್ಯ, ನಿಲ್ಲುವ ಜಾಗ. ಮಹಿಳೆಯರ 100 ಮೀಟರ್ ಹರ್ಡಲ್ಸ್‌ನಲ್ಲಿ ಮೊದಲ ಹರ್ಡಲ್ ಇರುವುದು ಸ್ಟಾರ್ಟಿನಿಂದ 13 ಮೀಟರ್ ದೂರಕ್ಕೆ, ಆಮೇಲಿನವು ಎಂಟೂವರೆ ಮೀಟರಿಗೊಂದು. ಮೊದಲನೆಯದಕ್ಕೆ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತಾರೆ. ನಾಲ್ಕನೆಯದರ ಹೊತ್ತಿಗೆ ಚದುರಿ, ಒಬ್ಬಳು ಗಾಳಿಯಲ್ಲಿ, ಒಬ್ಬಳು ನೆಲದಲ್ಲಿ. ಸಾಲಾಗಿ ಹಾರುವ ಫೋಟೊ ಬೇಕಿದ್ದರೆ ಮೊದಲ ಹರ್ಡಲ್ ಮೇಲೆ ಮುಂಚೆಯೇ ಫೋಕಸ್ ಕಟ್ಟಿ ಕಾಯಿ. ಐದು ಫ್ರೇಮು ಸಾಕು.

ಜಾವೆಲಿನ್ ನಡೆಯುವಾಗ ಮಾತ್ರ ಫೋಟೊ ಗೀಟೊ ಆಮೇಲೆ. ಪುರುಷರದು 800 ಗ್ರಾಂ, ಮಹಿಳೆಯರದು 600 ಗ್ರಾಂ ತೂಗುವ ಈಟಿ ಅದು. ಈಟಿ ಬಂದು ಬೀಳುವ ಸೆಕ್ಟರಿನೊಳಗೆ ಕಾಲಿಡಬೇಡ, ಹೊರಗಿದ್ದರೂ ಅದಕ್ಕೆ ಬೆನ್ನು ಹಾಕಿ ಲೆನ್ಸ್ ಬದಲಿಸಬೇಡ. ಇದಕ್ಕೆ ವಿನಾಯಿತಿ ಇಲ್ಲ.

ಪ್ರಶ್ನೆ: ಹೊನಲು ಬೆಳಕಿನ ಕಬಡ್ಡಿಯಲ್ಲಿ ಒಂದೇ ರೈಡಿನ ಫೋಟೊಗಳಲ್ಲಿ ಒಂದು ಬೆಳ್ಳಗೆ, ಒಂದು ಹಳದಿ, ಒಂದು ಅರ್ಧ ಕಪ್ಪು. ಕ್ಯಾಮೆರಾ ಕೆಟ್ಟಿದೆಯೇ?
– ಬಿ.ಕಾಂ ವಿದ್ಯಾರ್ಥಿ, ಹಾವೇರಿ

ಉತ್ತರ: ಕ್ಯಾಮೆರಾ ಗಟ್ಟಿಯಾಗಿದೆ, ಅದು ಲೈಟುಗಳ ಆಟ. ನಮ್ಮ ಕರೆಂಟು 50 ಹರ್ಟ್ಸ್‌ದು. ಅನೇಕ ಲೈಟುಗಳು ಸೆಕೆಂಡಿಗೆ ನೂರು ಸಲ ಮಂಕಾಗಿ ಹೊಳೆಯುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, 1/1000 ಶಟರಿಗೆ ಗೊತ್ತಾಗುತ್ತದೆ. ಮೆನುವಿನಲ್ಲಿ ಆಂಟಿ ಫ್ಲಿಕರ್ ಅಂತಿದ್ದರೆ ಹಾಕಿ, ಬೆಳಕು ಏರಿದಾಗ ಮಾತ್ರ ಕ್ಯಾಮೆರಾ ಹೊಡೆಯುತ್ತದೆ. ಕೂರುವುದು ಎಂಡ್ ಲೈನಿನ ಮೂಲೆಯಲ್ಲಿ, ಮ್ಯಾಟಿನಿಂದ ಸ್ವಲ್ಪ ಆಚೆ. ರೈಡರ್ ಮುಖ ಸಿಗುವುದು ಅಲ್ಲಿಂದಲೇ. ಹಾಫ್ ಟೈಮ್ ಆದಮೇಲೆ ತಂಡಗಳೇ ಅಂಕಣ ಬದಲಿಸುತ್ತವೆ, ನೀವು ಏಳಬೇಕಿಲ್ಲ.

ಪ್ರಶ್ನೆ: ಮಗ ಆರು ವಾರದಿಂದ ಇಂಟರ್ನ್‌ಶಿಪ್ ಅಂತ ಕ್ಯಾಮೆರಾ ಹೊತ್ತು ಹೋಗುತ್ತಿದ್ದಾನೆ. ಬಸ್ ಚಾರ್ಜು, ಊಟ ಎಲ್ಲ ನಮ್ಮದೇ. ಫೋಟೊ ಅಚ್ಚಾದರೂ ಅವನ ಹೆಸರಿಲ್ಲ. ಕೇಳಿದರೆ ‘ಕಲಿಯೋದು ಮುಖ್ಯ ಅಮ್ಮ’ ಅನ್ನುತ್ತಾನೆ.
– ಒಬ್ಬ ತಾಯಿ, ಹಾಸನ

ಉತ್ತರ: ಕಲಿಯೋದು ಮುಖ್ಯ ನಿಜ ತಾಯಿ, ಹಸಿವೂ ನಿಜ. ಸಂಬಳ ಸಿಗದಿದ್ದರೂ ಬಸ್ ಚಾರ್ಜು, ಊಟದ ಖರ್ಚು ಕೇಳಲು ನಾಚಿಕೆ ಪಡಬಾರದು. ಹೆಸರು ಕೇಳುವುದಂತೂ ದುರಾಸೆಯೇ ಅಲ್ಲ. ಇಡೀ ದಿನ ಊರವರ ಹೆಸರು ಬರೆದುಕೊಂಡು ಬರುವ ಹುಡುಗನ ಹೆಸರು ಹಾಕಲು ಒಂದು ಸಾಲು ಜಾಗವಿಲ್ಲವೇ? ಅವನು ಸಹಿ ಹಾಕಿದ ಕಾಗದವನ್ನು ಒಮ್ಮೆ ನೀವೂ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊದ ಮೊದಲ ಹಕ್ಕು ತೆಗೆದವನದು. ಪತ್ರಿಕೆಯ ನೌಕರಿ ಅಥವಾ ಅಪ್ರೆಂಟಿಸ್ ಒಪ್ಪಂದದ ಮೇಲೆ ತೆಗೆದಿದ್ದರೆ ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾಲೀಕರಿಗೆ ಹೋಗುತ್ತದೆ, ಉಳಿದದ್ದು ತೆಗೆದವನಿಗೇ. ಬೇರೆ ಒಪ್ಪಂದ ಮಾಡಿಕೊಂಡಿದ್ದರೆ ಲೆಕ್ಕ ಬೇರೆ, ಅದಕ್ಕೇ ಓದಿ ಅಂದಿದ್ದು. ತೆಗೆದ ಎಲ್ಲ ಫೋಟೊಗಳ ಒಂದು ಪ್ರತಿ ಮನೆಯಲ್ಲಿರಲಿ.

ಪ್ರಶ್ನೆ: ಕಂಬಳದಲ್ಲಿ ಕನೆಹಲಗೆಯ ಒಳ್ಳೆ ಫೋಟೊ ಹೇಗೆ ತೆಗೆಯುವುದು?
– ಪದವಿ ವಿದ್ಯಾರ್ಥಿ, ಕಾರ್ಕಳ

ಉತ್ತರ: ನಿಮ್ಮ ಊರಿನವರಿಗೆ ಬಯಲುಸೀಮೆಯ ನಾನು ಹೇಳುವುದೇ! ಕಂಡಿದ್ದು ಹೇಳುತ್ತೇನೆ. ಉಳಿದ ವಿಭಾಗಗಳಲ್ಲಿ ಓಟದ ವೇಗ ನೋಡುತ್ತಾರೆ, ಕನೆಹಲಗೆಯಲ್ಲಿ, ಅಂದರೆ ಕೋಣಗಳಿಗೆ ಕಟ್ಟಿದ ತೂತಿನ ಹಲಗೆ ಮೇಲೆ ನಿಂತು ಓಡಿಸುವ ವಿಭಾಗದಲ್ಲಿ, ನೀರು ಚಿಮ್ಮಿದ ಎತ್ತರ. ಹಾಗಾಗಿ ಆರೂವರೆ ಕೋಲು, ಏಳೂವರೆ ಕೋಲಿನ (ಕೋಲು ಅಂದರೆ ಎತ್ತರದ ಅಳತೆ) ನಿಶಾನೆಯ ಬಟ್ಟೆ ಫ್ರೇಮಿನೊಳಗೆ ಇರಲೇಬೇಕು. ಕೋಣಗಳ ಮುಖಕ್ಕೆ ಆಸೆಪಟ್ಟು ಹತ್ತಿರ ಎಳೆದರೆ ನಿಶಾನೆ ಕತ್ತರಿಸಿ ಹೋಗುತ್ತದೆ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿಯಿರಿ. ಲೆನ್ಸಿಗೆ ಪ್ಲಾಸ್ಟಿಕ್ ಕವರು ಕಟ್ಟಿ ರಬ್ಬರ್‌ಬ್ಯಾಂಡ್ ಹಾಕಿ, ಕೆಸರು ನೀರು ಒಣಗಿದರೆ ಉಜ್ಜಿದಷ್ಟೂ ಗೀರು. ಕೋಣ ಓಡಿ ಬಂದು ನಿಲ್ಲುವ ಮಂಜೊಟ್ಟಿಯ ದಾರಿಗೆ ಅಡ್ಡ ನಿಲ್ಲಬೇಡಿ.

ಕ್ಯಾಪ್ಷನ್‌ಗೆ ಕೋಣಗಳ ಯಜಮಾನರ ಮನೆ ಹೆಸರು, ಓಡಿಸಿದವರ ಹೆಸರು ಎರಡೂ ಬೇಕು. ಮೈಕಿನಲ್ಲಿ ಎರಡನ್ನೂ ಕೂಗುತ್ತಾರೆ, ಆದರೆ ಮೈಕನ್ನು ನಂಬಿ ನಾನು ಕೆಟ್ಟಿದ್ದನ್ನು ಮೇಲೆ ಓದಿದ್ದೀರಿ. ಓಟ ಮುಗಿದ ಮೇಲೆ ಹೋಗಿ ಕೇಳಿ. ಕೋಣಗಳ ಹೆಸರನ್ನೂ ಕೇಳಿ, ಬಲಕ್ಕೆ ಕಟ್ಟಿದ್ದು ಯಾವುದು, ಎಡಕ್ಕೆ ಯಾವುದು ಅಂತ.